ತಳ್ಳಿದ್ದೇನು, ತಲುಪಿದ್ದೇನು?

ಮಾಗಡಿ ರಸ್ತೆಯ ಸುಂಕದಕಟ್ಟೆಗೆ ಆ ಹೆಸರಿನಲ್ಲೇ ಒಂದು ಕಥೆಯಿದೆ. ಹಾದುಹೋಗುವ ಸರಕಿಗೆ ಸುಂಕ ವಸೂಲು ಮಾಡುವ ಕಟ್ಟೆ ಎಂಬುದು ಆ ಮಾತಿನ ಅರ್ಥ. ಗಾಡಿ ನಿಲ್ಲಬೇಕು, ಮೂಟೆ ತೋರಿಸಬೇಕು, ಲೆಕ್ಕ ಸರಿಯಿದ್ದರೆ ಮುಂದೆ ಸಾಗಬೇಕು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಫಲವಿಲ್ಲ ಎಂಬ ಗಾದೆ ಇಂಥ ಕಟ್ಟೆಯ ಎದುರೇ ಹುಟ್ಟಿರಬೇಕು! ಈಗ ಅಲ್ಲಿ ಎತ್ತಿನ ಗಾಡಿಗಳಿಲ್ಲ, ಬಸ್ಸು ಆಟೋಗಳ ಸಂತೆ. ಆದರೆ ಆ ಬಡಾವಣೆಯಿಂದ ಎಂಜಿನಿಯರಿಂಗ್ ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು ಇನ್ನೊಂದು ಬಗೆಯ ಸುಂಕದ ಕಟ್ಟೆಯನ್ನು ದಾಟಬೇಕಾಗಿದೆ. ಅದರ ಹೆಸರು ಗಿಟ್.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ತನ್ನ 2022ರ ಪಠ್ಯಕ್ರಮದಲ್ಲಿ ಮೂರನೆಯ ಸೆಮಿಸ್ಟರಿನ ಕಂಪ್ಯೂಟರ್ ವಿದ್ಯಾರ್ಥಿಗಳಿಗೆ ‘ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ವಿತ್ ಗಿಟ್’ ಎಂಬುದನ್ನು ಆಯ್ಕೆಯ ವಿಷಯಗಳಲ್ಲಿ ಒಂದಾಗಿ ಸೇರಿಸಿತು. ಪುಸ್ತಕ ಓದಿ ಬರೆಯುವ ವಿಷಯವಲ್ಲ, ಕೈಯಿಂದಲೇ ಮಾಡಿ ಕಲಿಯುವಂಥದು. ‘ನಿಮ್ಮ ಸ್ಥಳೀಯ ರೆಪೊಸಿಟರಿಯ ಒಂದು ಕಮಿಟ್‌ಗೆ ವಿ1.0 ಎಂಬ ಹಗುರ ಟ್ಯಾಗ್ ಹಾಕಿ’ ಎಂಬುದು ಅದರಲ್ಲಿ ಒಂದು ಪ್ರಯೋಗ. ವಿದ್ಯಾರ್ಥಿ ಟ್ಯಾಗ್ ಹಾಕುತ್ತಾನೆ, ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ, ಅಂಕ ಸಿಗುತ್ತದೆ. ತೊಡಕು ಶುರುವಾಗುವುದು ಆ ಮೇಲೆ, ಕೊನೆಯ ವರ್ಷದ ಪ್ರಾಜೆಕ್ಟಿನಲ್ಲೋ ಮೊದಲ ಕೆಲಸದಲ್ಲೋ, ತನ್ನ ಯಂತ್ರದಲ್ಲಿ ಇದ್ದುದನ್ನು ನಾಲ್ಕು ಜನ ಹಂಚಿಕೊಳ್ಳುವ ಜಾಗಕ್ಕೆ ತಳ್ಳಬೇಕಾದಾಗ. ಈ ತಳ್ಳುವುದಕ್ಕೇ ‘ಪುಶ್’ ಎಂದು ಹೆಸರು.

ಮಗಳು ರಾತ್ರಿ ಹನ್ನೊಂದಕ್ಕೆ ‘ಪುಶ್ ಆಗ್ತಿಲ್ಲ’ ಎಂದು ಗೊಣಗುವುದನ್ನು ಕೇಳಿದ ತಂದೆತಾಯಿಗೆ ಇದಿಷ್ಟು ತಿಳಿದಿದ್ದರೆ ಸಾಕು. ನಾಲ್ವರು ಸಹಪಾಠಿಗಳು ಸೇರಿ ಗ್ರಂಥಾಲಯದ ಲೆಕ್ಕ ಇಡುವ ಒಂದು ಪ್ರೋಗ್ರಾಂ ಬರೆಯುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಹಳೆಯ ಪದ್ಧತಿಯಲ್ಲಿ ಶಾನುಭೋಗರ ಖಾತೆಯಂತೆ ಮೂಲ ಪುಸ್ತಕ ಒಂದೇ ಕಡೆ ಇರುತ್ತಿತ್ತು. ಗಿಟ್‌ನಲ್ಲಿ ನಾಲ್ವರ ಯಂತ್ರದಲ್ಲೂ ಪೂರ್ತಿ ಪುಸ್ತಕವಿರುತ್ತದೆ, ಮೊದಲ ದಿನದಿಂದ ಆದ ತಿದ್ದುಪಡಿಗಳ ಚರಿತ್ರೆಯ ಸಮೇತ. ಒಂದೊಂದು ತಿದ್ದುಪಡಿಯ ದಾಖಲೆಯೂ ಒಂದು ‘ಕಮಿಟ್’. ಕೊನೆಯ ಕಮಿಟ್‌ನ ಜತೆಗೇ ಮುಂದೆ ಸಾಗುತ್ತ ಹೋಗುವ ಹೆಸರು ‘ಬ್ರಾಂಚ್’. ಒಂದು ಕಮಿಟ್‌ನ ಮೇಲೆ ನೆಟ್ಟು ಅಲ್ಲೇ ನಿಲ್ಲುವ ಹೆಸರು ‘ಟ್ಯಾಗ್’. ಬ್ರಾಂಚ್ ಓಡುವ ಬಂಡಿಯಾದರೆ ಟ್ಯಾಗ್ ಹೊಲದ ಬಾಂದುಕಲ್ಲು. ತಳ್ಳುವ ನಿಯಮಗಳೆಲ್ಲ ಈ ಒಂದು ವ್ಯತ್ಯಾಸದಿಂದಲೇ ಹುಟ್ಟಿವೆ.

ಗಿಟ್ ಅನ್ನು ಬರೆದವರು ಲೈನಕ್ಸ್‌ನ ಲೈನಸ್ ಟೋರ್ವಾಲ್ಡ್ಸ್. 2005ರ ಏಪ್ರಿಲ್‌ನಲ್ಲಿ, ಅದುವರೆಗೆ ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ತಂತ್ರಾಂಶದ ಉಚಿತ ಪರವಾನಗಿ ಕೈತಪ್ಪಿದಾಗ, ಕೆಲವೇ ದಿನಗಳಲ್ಲಿ ಅದರ ಮೊದಲ ರೂಪ ಸಿದ್ಧವಾಯಿತು. ಅದೇ ವರ್ಷದ ಜುಲೈಯಲ್ಲಿ ಅದರ ಉಸ್ತುವಾರಿ ಜೂನಿಯೊ ಹಮಾನೊ ಅವರ ಕೈಗೆ ಬಂತು. ಸಾವಿರಾರು ಜನ ಕೆಲಸ ಮಾಡುವ ಲೈನಕ್ಸ್‌ಗೆಂದು ಮಾಡಿದ ಸಾಧನವಾದ್ದರಿಂದ ಅದರ ಸ್ವಭಾವದಲ್ಲೇ ಒಂದು ಬಿಗಿ ಇದೆ.

ಮೊದಲ ಬಿಗಿ: ಹೇಳಿದ್ದನ್ನಷ್ಟೇ ಕಳಿಸುವುದು. ಇದು ಮೊದಲಿನಿಂದಲೂ ಹೀಗೆಯೇ ಇರಲಿಲ್ಲ. ಹಿಂದೆ ಬರೀ ‘ಗಿಟ್ ಪುಶ್’ ಎಂದರೆ ಎರಡೂ ಕಡೆ ಒಂದೇ ಹೆಸರಿರುವ ಬ್ರಾಂಚುಗಳೆಲ್ಲ ಹೊರಟುಬಿಡುತ್ತಿದ್ದವು, ಅರ್ಧ ಬೆಂದದ್ದೂ ಸೇರಿ. 2014ರಲ್ಲಿ ಬಂದ 2.0ನೆಯ ಆವೃತ್ತಿ ಇದನ್ನು ಬದಲಿಸಿತು. ಈಗ ಕೈಯಲ್ಲಿರುವ ಬ್ರಾಂಚ್ ಮಾತ್ರ, ಅದೂ ಆ ಕಡೆಯ ಜೋಡಿಯ ಹೆಸರು ಅದೇ ಆಗಿದ್ದರೆ ಮಾತ್ರ ಹೋಗುತ್ತದೆ. ಹೊಸ ಬ್ರಾಂಚಿಗೆ ಇನ್ನೂ ಜೋಡಿ ಇರುವುದಿಲ್ಲ. ಆದ್ದರಿಂದ ಮೊದಲ ಸಲ ‘ಗಿಟ್ ಪುಶ್ -ಯು ಒರಿಜಿನ್’ ಎಂದು ಬರೆದು ಮುಂದೆ ಬ್ರಾಂಚಿನ ಹೆಸರು ಕೊಡಬೇಕು. ಹೊಸಬರು ಗಾಬರಿಗೊಳ್ಳುವ ಮೊದಲ ನಿರಾಕರಣೆ ಸಾಮಾನ್ಯವಾಗಿ ಇದೇ.

ಎರಡನೆಯ ನಿರಾಕರಣೆ ಇನ್ನೂ ಗಂಭೀರ. ತಂಡದ ಒಬ್ಬಳು ಸೋಮವಾರ ತನ್ನ ಮೂರು ಕಮಿಟ್‌ಗಳನ್ನು ‘ಮೇನ್’ ಬ್ರಾಂಚಿಗೆ ತಳ್ಳಿದಳು. ಇನ್ನೊಬ್ಬ ಅವನ್ನು ತರಿಸಿಕೊಳ್ಳದೆ ಮಂಗಳವಾರ ತನ್ನದನ್ನು ತಳ್ಳಲು ಹೋದ. ಗಿಟ್ ಒಪ್ಪುವುದಿಲ್ಲ. ಹೊಸ ಚರಿತ್ರೆ ಹಳೆಯದರ ಮುಂದುವರಿಕೆಯಾಗಿರಬೇಕು ಎಂಬುದೇ ನಿಯಮ. ಇದಕ್ಕೆ ‘ಫಾಸ್ಟ್ ಫಾರ್ವರ್ಡ್’ ಎನ್ನುತ್ತಾರೆ. ಸರಿಯಾದ ದಾರಿ ಎಂದರೆ ಅವಳದ್ದನ್ನು ತರಿಸಿಕೊಂಡು, ತನ್ನದರ ಜತೆ ಕೂಡಿಸಿ, ಮತ್ತೆ ತಳ್ಳುವುದು. ಆದರೆ ಬೆಳಿಗ್ಗೆ ಒಪ್ಪಿಸಬೇಕು, ರಾತ್ರಿ ಹನ್ನೆರಡಾಗಿದೆ, ಯಾರೋ ‘ಫೋರ್ಸ್ ಹಾಕು ಮಗಾ’ ಎನ್ನುತ್ತಾರೆ. ಬಲವಂತದ ಪುಶ್ ಹೋಗುತ್ತದೆ. ಅದರ ಜತೆಗೆ, ಹಂಚಿಕೊಂಡ ಬ್ರಾಂಚಿನಿಂದ ಅವಳ ಮೂರು ಕಮಿಟ್‌ಗಳೂ ಹೋಗುತ್ತವೆ. ಯಾವ ಗಂಟೆಯೂ ಬಾರಿಸುವುದಿಲ್ಲ.

ಇದು ವಿದ್ಯಾರ್ಥಿಗಳ ಎಡವಟ್ಟು ಮಾತ್ರ ಎಂದುಕೊಳ್ಳಬೇಕಿಲ್ಲ. 2013ರ ನವೆಂಬರ್‌ನಲ್ಲಿ ಜೆಂಕಿನ್ಸ್ ಎಂಬ ಹೆಸರಾಂತ ಮುಕ್ತ ತಂತ್ರಾಂಶದ 150ಕ್ಕೂ ಹೆಚ್ಚು ರೆಪೊಸಿಟರಿಗಳು ಒಬ್ಬ ಅನುಭವಿಯ ಕೈತಪ್ಪಿನಿಂದ ಬಲವಂತದ ಪುಶ್‌ಗೆ ಸಿಕ್ಕಿ ಹಿಂದಿನ ಸ್ಥಿತಿಗೆ ಹೋಗಿಬಿಟ್ಟವು. ಗಿಟ್‌ಹಬ್ ಸಂಸ್ಥೆಯ ನೆರವಿನಿಂದ ಅವುಗಳನ್ನು ಸರಿಪಡಿಸಬೇಕಾಯಿತು. ಪುಣ್ಯಕ್ಕೆ ಗಿಟ್‌ನಲ್ಲಿ ಕಮಿಟ್‌ಗಳು ತಕ್ಷಣ ಅಳಿಯುವುದಿಲ್ಲ. ಅವುಗಳನ್ನು ತೋರಿಸುವ ಹೆಸರು ಮಾತ್ರ ಬೇರೆಡೆಗೆ ಸರಿಯುತ್ತದೆ. ಮೇಲಿನ ಹುಡುಗಿಯ ಯಂತ್ರದಲ್ಲಿ ಅವಳ ಕೆಲಸ ಹಾಗೇ ಇರುತ್ತದೆ. ಹಾಗಾಗಿ ಇಂಥದ್ದು ಆದಾಗ ಮೊದಲು ಮಾಡಬೇಕಾದದ್ದು ಒಂದೇ: ತಂಡದ ಎಲ್ಲರಿಗೂ ಆ ಕ್ಷಣವೇ ತಿಳಿಸುವುದು, ಯಾರೂ ಹೊಸದಾಗಿ ಏನನ್ನೂ ಎಳೆದುಕೊಳ್ಳದಂತೆ ತಡೆಯುವುದು. ಮುಚ್ಚಿಟ್ಟವರೇ ಹೆಚ್ಚು ಕೆಡಿಸುತ್ತಾರೆ.

ಬಲವಂತಕ್ಕೆ ಜಾಗವೇ ಇಲ್ಲವೆಂದಲ್ಲ. ಬೇರೆ ಯಾರೂ ಬಳಸದ ಸ್ವಂತ ಬ್ರಾಂಚಿನಲ್ಲಿ ಚರಿತ್ರೆಯನ್ನು ಓರಣಗೊಳಿಸಿ ಮತ್ತೆ ತಳ್ಳುವುದು ನಿತ್ಯದ ರೂಢಿ. ಅಲ್ಲೂ ಬರಿಯ ‘ಫೋರ್ಸ್’ಗಿಂತ 2013ರಲ್ಲಿ ಬಂದ ‘ಫೋರ್ಸ್-ವಿತ್-ಲೀಸ್’ ವಾಸಿ. ‘ನಾನು ಕೊನೆಯ ಸಲ ನೋಡಿದಂತೆಯೇ ಆ ಕಡೆ ಇದ್ದರೆ ಮಾತ್ರ ಬದಲಿಸು’ ಎಂಬುದು ಅದರ ಷರತ್ತು. ‘ಮೇನ್’ ಬ್ರಾಂಚಿಗಂತೂ ಸರ್ವರಿನಲ್ಲೇ ಬೀಗ ಹಾಕುವುದು ಜಾಣತನ. ಗಿಟ್‌ಹಬ್‌ನಂಥ ತಾಣಗಳಲ್ಲಿ ಇದಕ್ಕೆ ಬ್ರಾಂಚ್ ರಕ್ಷಣೆಯ ಸೌಲಭ್ಯವಿದೆ.

ಇನ್ನು ಬಾಂದುಕಲ್ಲಿನ ಮಾತು. ಸಾಮಾನ್ಯ ಪುಶ್‌ನೊಂದಿಗೆ ಟ್ಯಾಗ್ ಹೋಗುವುದಿಲ್ಲ! ಇದು ಅನೇಕರಿಗೆ ಗೊತ್ತಾಗುವುದು ಪರೀಕ್ಷಕರು ‘ವಿ1.0 ಎಲ್ಲಿದೆ?’ ಎಂದು ಕೇಳಿದಾಗ. ಟ್ಯಾಗನ್ನು ಹೆಸರು ಹಿಡಿದು ಕಳಿಸಬೇಕು: ‘ಗಿಟ್ ಪುಶ್ ಒರಿಜಿನ್ ವಿ1.0’. ‘--ಟ್ಯಾಗ್ಸ್’ ಎಂದರೆ ಎಲ್ಲವೂ ಹೋಗುತ್ತವೆ, ಎಂದೋ ತಮಾಷೆಗೆ ಇಟ್ಟ ‘ಫೈನಲ್’, ‘ನಿಜವಾದ-ಫೈನಲ್’ ಕೂಡ. ‘--ಫಾಲೋ-ಟ್ಯಾಗ್ಸ್’ ಎಂಬ ಮೂರನೆಯ ದಾರಿ ಇನ್ನೂ ಶಿಸ್ತಿನದು. ಆದರೆ ಅದು ಹಾಕಿದವರ ಹೆಸರು, ದಿನಾಂಕ, ಟಿಪ್ಪಣಿಗಳಿರುವ ಟ್ಯಾಗ್‌ಗಳನ್ನು ಮಾತ್ರ ಒಯ್ಯುತ್ತದೆ. ಪ್ರಯೋಗಾಲಯದಲ್ಲಿ ಕಲಿತ ಹಗುರ ಟ್ಯಾಗ್ ಇದರಲ್ಲಿ ಹೋಗದೆ ಮನೆಯಲ್ಲೇ ಉಳಿದುಬಿಡುತ್ತದೆ. ಇತರರಿಗೆ ಕೊಡುವ ಆವೃತ್ತಿಗೆ ‘ಗಿಟ್ ಟ್ಯಾಗ್ -ಎ’ ಎಂದು ಟಿಪ್ಪಣಿಸಹಿತ ಟ್ಯಾಗನ್ನೇ ಹಾಕುವ ಅಭ್ಯಾಸ ಒಳ್ಳೆಯದು. ಬ್ರಾಂಚಿಗೂ ಟ್ಯಾಗಿಗೂ ಒಂದೇ ಹೆಸರಿಟ್ಟರೆ ಯಾವುದನ್ನು ಕಳಿಸಬೇಕೆಂದು ತಿಳಿಯದೆ ಗಿಟ್ ನಿಂತುಬಿಡುತ್ತದೆ, ಅದನ್ನೂ ಮಾಡಬಾರದು.

ಒಮ್ಮೆ ಕಳಿಸಿದ ಟ್ಯಾಗನ್ನು ಕಿತ್ತು ಬೇರೆ ಕಮಿಟ್‌ಗೆ ನೆಡುವುದು ರಾತ್ರಿ ಬಾಂದುಕಲ್ಲು ಸರಿಸಿದಂತೆ. 2013ರ ಒಂದು ಆವೃತ್ತಿಯಿಂದ ಆ ಕಡೆ ಇರುವ ಟ್ಯಾಗನ್ನು ಬಲವಂತವಿಲ್ಲದೆ ಬದಲಿಸಲು ಗಿಟ್ ಬಿಡುವುದಿಲ್ಲ. ಬಲವಂತ ಮಾಡಿದರೂ, ಹಳೆಯದನ್ನು ತರಿಸಿಕೊಂಡವರ ಯಂತ್ರದಲ್ಲಿ ಅದು ತಾನಾಗಿ ಬದಲಾಗುವುದಿಲ್ಲ. ಹೀಗೆ ‘ವಿ1.0’ ಎಂಬ ಒಂದೇ ಹೆಸರಿನಲ್ಲಿ ಇಬ್ಬರ ಬಳಿ ಎರಡು ವಸ್ತುಗಳು! ತಪ್ಪಾಗಿದ್ದರೆ ಒಪ್ಪಿಕೊಂಡು ‘ವಿ1.0.1’ ಎಂದು ಹೊಸದನ್ನು ಹಾಕುವುದೇ ಲೇಸು. ಗಿಟ್‌ನ ಸ್ವಂತ ಕೈಪಿಡಿಯ ಸಲಹೆಯೂ ಹೊಸ ಹೆಸರಿನ ಪರವೇ.

ಇದು ಬರೀ ಶಿಸ್ತಿನ ಮಾತಲ್ಲ ಎಂಬುದು 2025ರ ಮಾರ್ಚ್‌ನಲ್ಲಿ ಕಂಡಿತು. ಜಗತ್ತಿನ 23,000ಕ್ಕೂ ಹೆಚ್ಚು ರೆಪೊಸಿಟರಿಗಳು ಬಳಸುತ್ತಿದ್ದ ‘ಟಿಜೆ-ಆಕ್ಷನ್ಸ್’ ಸಮೂಹದ ಒಂದು ಸಣ್ಣ ಸಾಧನದೊಳಗೆ ಕಿಡಿಗೇಡಿಗಳು ನುಗ್ಗಿ, ಅದರ ಹಳೆಯ ಆವೃತ್ತಿಗಳ ಟ್ಯಾಗ್‌ಗಳನ್ನು ತಾವು ಬರೆದ ಕೇಡಿನ ಕಮಿಟ್‌ನತ್ತ ತಿರುಗಿಸಿದರು. ಟ್ಯಾಗ್ ಎಂದರೆ ಕದಲದ ಕಲ್ಲು ಎಂದು ನಂಬಿದ್ದವರ ಗುಪ್ತ ಕೀಲಿಗಳು ಅವರ ಕೆಲಸದ ದಾಖಲೆಗಳಲ್ಲಿ ಅಚ್ಚಾಗಿಬಿಟ್ಟವು.

ಎಲ್ಲರೂ ತಳ್ಳಲೇಬೇಕೆಂದೂ ಇಲ್ಲ. ವಿ. ಕೃಷ್ಣ ಅವರು ದಶಕಗಳ ಕಾಲ ಕೂಡಿಸಿದ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ 2019ರಲ್ಲಿ ಮುಕ್ತವಾಗಿ ಹೊರಬಂತು. ಒಂದೂವರೆ ಲಕ್ಷಕ್ಕೂ ಮೀರಿದ ಶಬ್ದಗಳ ಅದರ ದತ್ತಾಂಶ ಗಿಟ್‌ಹಬ್‌ನಲ್ಲಿದೆ. ಅದರ ಪೂರ್ತಿ ಪ್ರತಿಯನ್ನು ಸುಂಕದಕಟ್ಟೆಯ ವಿದ್ಯಾರ್ಥಿನಿಯೂ ಇಳಿಸಿಕೊಳ್ಳಬಹುದು, ತನ್ನ ಪ್ರತಿಯಲ್ಲಿ ಬ್ರಾಂಚ್ ಮಾಡಿ ತಿದ್ದಬಹುದು. ಮೂಲಕ್ಕೆ ತಳ್ಳುವ ಅಧಿಕಾರ ಮಾತ್ರ ಅದನ್ನು ನೋಡಿಕೊಳ್ಳುವವರದ್ದು; ಉಳಿದವರು ತಮ್ಮ ತಿದ್ದುಪಡಿಯನ್ನು ಕೋರಿಕೆಯಾಗಿ ಮುಂದಿಡಬಹುದು. ಲೈನಕ್ಸ್‌ನಲ್ಲೂ ಅಷ್ಟೇ. ಅಲ್ಲಿ ಟೋರ್ವಾಲ್ಡ್ಸ್ ಅವರೇ ಇತರರ ಬ್ರಾಂಚುಗಳನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ, ಆವೃತ್ತಿಯ ಟ್ಯಾಗಿಗೆ ಡಿಜಿಟಲ್ ಸಹಿ ಹಾಕುತ್ತಾರೆ.

ಪ್ರಾಜೆಕ್ಟ್ ಒಪ್ಪಿಸುವ ಹಿಂದಿನ ದಿನ ‘ಗಿಟ್ ಎಲ್ಎಸ್-ರಿಮೋಟ್ ಒರಿಜಿನ್’ ಎಂದು ಟೈಪ್ ಮಾಡಿ ನೋಡಬಹುದು. ಆ ಕಡೆ ನಿಜವಾಗಿ ತಲುಪಿರುವ ಬ್ರಾಂಚು, ಟ್ಯಾಗ್‌ಗಳ ಪಟ್ಟಿ ಪರದೆಯ ಮೇಲೆ ಬರುತ್ತದೆ. ತಮ್ಮ ಯಂತ್ರದಲ್ಲಿ ಕಾಣುವ ಟ್ಯಾಗ್ ಆ ಪಟ್ಟಿಯಲ್ಲಿಲ್ಲದಿದ್ದರೆ ಅದು ಇನ್ನೂ ಹೊರಟಿಲ್ಲ ಎಂದೇ ಲೆಕ್ಕ.