ತಿರುಗುವ ತಟ್ಟೆಯ ಕೆಳಗಿನ ಇರುಸು

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನ ರಾಯಚೂರು ಜಿಲ್ಲೆಯ ಗದ್ವಾಲವೂ ಆಂಧ್ರದ ಪಾಲಾಯಿತು. ನಾರಾಯಣಪೇಟೆ, ಮಕ್ತಲ್‌ಗಳು ಅದಕ್ಕೂ ಮೊದಲೇ ಮಹಬೂಬನಗರ ಜಿಲ್ಲೆಯಲ್ಲಿದ್ದವು. ಈಗ ಮೂರೂ ತೆಲಂಗಾಣದ ಊರುಗಳು. ಆ ಕಡೆಯ ಕನ್ನಡ ಮನೆಯಾಗಲಿ, ಈ ಕಡೆಯದಾಗಲಿ, ಅಟ್ಟದ ಮೇಲೆ ಮಲ್ಲಿಕಾರ್ಜುನ ಮನ್ಸೂರರದೋ ಗಂಗೂಬಾಯಿ ಹಾನಗಲ್ಲರದೋ ಹಳೆಯ ರೆಕಾರ್ಡು ಉಳಿದಿದ್ದರೆ ಅದು ಸಣ್ಣ ಆಸ್ತಿಯಲ್ಲ. ಅಂದಿನ ರೆಕಾರ್ಡುಗಳೆಲ್ಲ ಮತ್ತೆ ಅಚ್ಚಾಗಿ ಬಂದಿಲ್ಲ. "ಸ್ವರ ನಡುಗುತ್ತದೆ, ಹಾಳಾಗಿದೆ" ಎಂದು ಅದನ್ನು ಗುಜರಿಗೆ ಹಾಕುವ ಮೊದಲು ಯಂತ್ರದ ಇರುಸನ್ನು ನೋಡಬೇಕು.

ನಾರಾಯಣಪೇಟೆ, ಗದ್ವಾಲಗಳು ಸೀರೆಗೆ ಹೆಸರಾದ ಊರುಗಳು. ನೂಲು ಸುತ್ತುವ ರಾಟೆಯ ಕದಿರು ಸಡಿಲಾದರೆ ಎಳೆ ಸಮನಾಗಿ ಕೂರದು ಎಂಬುದನ್ನು ಅಲ್ಲಿಯ ನೇಕಾರರಿಗೆ ಹೇಳಿಕೊಡಬೇಕಾಗಿಲ್ಲ. ರೆಕಾರ್ಡಿನ ಮಾತೂ ಅದೇ. ತಟ್ಟೆಯ ನಡುವಿನ ಉಕ್ಕಿನ ಇರುಸು ಕಂಚಿನ ಬುಶ್ಶಿನೊಳಗೆ ನಿಂತು, ಸಾಮಾನ್ಯವಾಗಿ ತಳದ ಒಂದು ಉಕ್ಕಿನ ಗುಂಡಿನ ಮೇಲೆ ತಿರುಗುತ್ತದೆ. ಬುಶ್ ಸವೆದರೆ ತಟ್ಟೆ ಓಲಾಡುತ್ತದೆ. ಗುಂಡು ಒರಟಾದರೆ ಗುರುಗುಡುತ್ತದೆ. ಮುಳ್ಳಿಗೆ ಹಾಡು ಯಾವುದು, ಗುರುಗುಟ್ಟುವಿಕೆ ಯಾವುದು ಎಂಬ ಭೇದವಿಲ್ಲ. ಅಲುಗಿದ್ದನ್ನೆಲ್ಲ ಅದು ಸ್ವರವೆಂದೇ ಒಪ್ಪಿಸುತ್ತದೆ.

78 ಸುತ್ತಿನ ಅರಗಿನ ರೆಕಾರ್ಡುಗಳ ಕಾಲದಲ್ಲಿ ಈ ದೋಷ ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ. ರೆಕಾರ್ಡಿನದೇ ಸರಸರ ಸದ್ದು ಬೇಕಾದಷ್ಟಿತ್ತು. ಕೊಂಬಿನ ಯಂತ್ರಕ್ಕೆ ತಗ್ಗಿನ ಸ್ವರ ಹೊರಡಿಸುವ ಶಕ್ತಿಯೂ ಇರಲಿಲ್ಲ. 1948ರಲ್ಲಿ ಲಾಂಗ್ ಪ್ಲೇ ರೆಕಾರ್ಡು ಬಂದ ಮೇಲೆ ಗೆರೆಗಳು ಸಣ್ಣದಾದುವು, ಗದ್ದಲ ಇಳಿಯಿತು, ಇರುಸಿನ ಗುಟ್ಟು ಬಯಲಾಯಿತು. ಮೋಟಾರಿನ ನಡುಕವನ್ನು ರಬ್ಬರ್ ಬೆಲ್ಟು ತಡೆದ ಯಂತ್ರಗಳಲ್ಲಂತೂ ಉಳಿದ ಸದ್ದಿಗೆ ಬೇರಿಂಗೇ ಮುಖ್ಯ ಅಪರಾಧಿ. ಕೆಲವು ತಯಾರಕರು ಇರುಸನ್ನು ತಲೆಕೆಳಗಾಗಿಸಿ, ಗುಂಡನ್ನು ಮೇಲಿಟ್ಟು, ತಟ್ಟೆಯನ್ನು ಅದರ ಮೇಲೆ ಟೋಪಿಯಂತೆ ಕೂರಿಸಿದರು. ಭಾರ ಆಧಾರದ ಬಿಂದುವಿಗಿಂತ ಕೆಳಗೆ ಬರುವುದರಿಂದ ಓಲಾಟ ಕಡಿಮೆ. ಚೆಲುವಾದ ಉಪಾಯವೇ ಸರಿ. ಆದರೆ ಎಣ್ಣೆ ಕೆಳಗಿಳಿದು ಗುಂಡು ಒಣಗದಂತೆ ನೋಡಿಕೊಳ್ಳಬೇಕು.

33⅓ ವೇಗದಲ್ಲಿ ಒಂದು ಸುತ್ತಿಗೆ 1.8 ಸೆಕೆಂಡು. ಅಷ್ಟಷ್ಟು ಹೊತ್ತಿಗೊಮ್ಮೆ ಶ್ರುತಿ ಏರಿಳಿದರೆ ತಾಳಮದ್ದಳೆಯ ಮಾತಿನಲ್ಲಿ ಅದು ಕಿವಿಗೆ ಬೀಳದೆ ಹೋಗಬಹುದು. ತಂಬೂರಿಯ, ಹಾರ್ಮೋನಿಯಂನ ಎಳೆದ ಸ್ವರದಲ್ಲಿ ಖಂಡಿತ ಬೀಳುತ್ತದೆ. ಆಗ ನಾಲ್ಕಾರು ರೆಕಾರ್ಡು ಬದಲಿಸಿ ಕೇಳಬೇಕು. ಒಂದರಲ್ಲೇ ಏರಿಳಿತವಿದ್ದರೆ ಅದರ ತೂತು ನಡುವಿನಿಂದ ಸರಿದಿರಬಹುದು, ಇಲ್ಲವೆ ಅದು ಬಾಗಿರಬಹುದು. ಎಲ್ಲದರಲ್ಲೂ ಇದ್ದರೆ ಯಂತ್ರವನ್ನೇ ಬಿಚ್ಚಿಸಬೇಕು.

ವರ್ಷಗಟ್ಟಲೆ ಮೂಲೆಯಲ್ಲಿದ್ದ ಯಂತ್ರದ ಎಣ್ಣೆ ಅಂಟಾಗಿರುತ್ತದೆ. ಇರುಸನ್ನೂ ಬುಶ್ಶಿನ ಒಳಮೈಯನ್ನೂ ನೂಲುದುರದ ಬಟ್ಟೆಯಿಂದ ಒರೆಸಿ, ತಯಾರಕರು ಹೇಳಿದ ಎಣ್ಣೆಯನ್ನು ಕೆಲವೇ ಹನಿ ಬಿಟ್ಟರೆ ಸಾಕು. ನಮ್ಮ ಮನೆಗಳಲ್ಲಿ ಕೈಗೆ ಮೊದಲು ಸಿಗುವುದು ತೆಂಗಿನೆಣ್ಣೆ. ಅದು ಮಾತ್ರ ಬೇಡ, ಚಳಿಗೆ ಹೆಪ್ಪುಗಟ್ಟುತ್ತದೆ. ಬಳಿಕ ಬೆಲ್ಟು ತೆಗೆದು ತಟ್ಟೆಯನ್ನು ಕೈಯಿಂದ ಮೆಲ್ಲಗೆ ತಿರುಗಿಸಿ ಬಿಡಿ. ತಡವರಿಸದೆ ನಿಧಾನವಾಗಿ ನಿಂತರೆ ರೆಕಾರ್ಡು ಹಾಕಬಹುದು.