ಅಕ್ಕಿ ಚೀಲದೊಳಗೆ ಬಂದ ಬುದ್ಧಿ

ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಕಬ್ಬಿಣದ ಏಣಿ ಹತ್ತಿ ಮೇಲಿನ ಅಟ್ಟಕ್ಕೆ ಹೋದರೆ ಗಾಜಿನ ಮುಖದ ಒಂದು ದೊಡ್ಡ ಪೆಟ್ಟಿಗೆ ನಿಂತಿರುತ್ತದೆ. ಮೈಯೆಲ್ಲ ತೌಡಿನ ಧೂಳು, ಒಳಗೆ ಕಣ್ಣು ಕುಕ್ಕುವ ಬಿಳಿ ಬೆಳಕು. ಮೇಲಿನ ಡಬ್ಬಿಯಿಂದ ಅಕ್ಕಿ ನಡುಗುತ್ತ ಇಳಿದು, ಇಳಿಜಾರು ತಗಡಿನ ಮೇಲೆ ಜಾರಿ, ಬೆಳಕಿನ ಮುಂದೆ ಕ್ಷಣದಷ್ಟು ಕಾಲ ಗಾಳಿಯಲ್ಲಿರುತ್ತದೆ. ಅಷ್ಟರಲ್ಲೇ ಹಿಂದೆ ಮುಂದೆ ಕೂತ ಕ್ಯಾಮೆರಾಗಳು ಪ್ರತಿ ಕಾಳನ್ನೂ ನೋಡಿ ಮುಗಿಸಿರುತ್ತವೆ. ಹಳದಿಗಟ್ಟಿದ್ದು, ಮೂತಿ ಕಪ್ಪಾದದ್ದು, ಕೆಂಪು ಗೆರೆ ಉಳಿದದ್ದು, ಸಿಪ್ಪೆ ಸುಲಿಯದ ನೆಲ್ಲು ಯಾವುದೇ ಕಂಡರೂ ಸಣ್ಣದೊಂದು ತೂತಿನಿಂದ ಗಾಳಿ ಚಿಮ್ಮಿ ಆ ಕಾಳನ್ನು ಬೇರೆ ದಾರಿಗೆ ಹೊಡೆಯುತ್ತದೆ. ಟಕ್ ಟಕ್ ಟಕ್ ಎಂದು ಎಡೆಬಿಡದ ಸದ್ದು. ಒಂದೊಂದು ಟಕ್ಕಿಗೂ ಒಂದೊಂದು ತೀರ್ಮಾನ. ಕಲ್ಲು ಆರಿಸುವ ಕೆಲಸ ಇದಕ್ಕೂ ಮೊದಲೇ, ಅಲುಗಾಡುವ ಜಾಲರಿಯ ಇನ್ನೊಂದು ಯಂತ್ರದಲ್ಲಿ ಮುಗಿದಿರುತ್ತದೆ.

ಕೆಳಗೆ ಚೀಲ ಹೊಲಿಯುತ್ತಾರೆ. ಚೀಲದ ಮೇಲೆ ಸೋನಾ ಮಸೂರಿ ಎಂದು ದಪ್ಪಕ್ಷರ, ಅದರ ಕೆಳಗೆ ‘ಸಾರ್ಟೆಕ್ಸ್’. ಇಂಥ ಆರಿಸುವ ಯಂತ್ರ ಮಾಡುವ, ಲಂಡನ್ನಿನಲ್ಲಿ 1947ರಲ್ಲಿ ಹುಟ್ಟಿದ ಕಂಪನಿಯೊಂದರ ಹೆಸರು ಅದು. ತುಂಗಭದ್ರೆಯ ದಂಡೆಯಲ್ಲಿ ಅದೀಗ ಅಕ್ಕಿಯ ಗುಣವನ್ನೇ ಹೇಳುವ ಮಾತು. 2022ರ ಜುಲೈನಲ್ಲಿ 25 ಕೆ.ಜಿ.ವರೆಗಿನ ಚೀಲಕ್ಕೆ ಜಿಎಸ್‌ಟಿ ಬಿದ್ದ ಮೇಲೆ ಚೀಲವೂ 26 ಕೆ.ಜಿ.ಗೆ ಹಿಗ್ಗಿತು. ಇಲ್ಲಿಂದ ಲಾರಿ ಹತ್ತಿದ ಚೀಲ ಬಳ್ಳಾರಿ, ಬೆಂಗಳೂರಿನ ಅಡುಗೆಮನೆ ಸೇರುತ್ತದೆ. ಈ ಸೀಮೆಯ ಮನೆಗಳಿಗೆ ಯಂತ್ರದ ಬುದ್ಧಿ ಕೈಕಾಲು ಇರುವ ಗೊಂಬೆಯ ರೂಪದಲ್ಲಿ ಬರಲಿಲ್ಲ. ಇದೇ ಚೀಲದೊಳಗೆ ಕೂತು, ಯಾರ ಗಮನಕ್ಕೂ ಬಾರದೆ ಬಂತು.

ಅಕ್ಕಿ ಹಸನು ಮಾಡುವುದೆಂದರೆ ಒಂದು ಕಾಲಕ್ಕೆ ಮಧ್ಯಾಹ್ನದ ಅರ್ಧ ಆಯುಷ್ಯ. ಗಂಡಸರ ಊಟವಾಗಿ, ಪಾತ್ರೆ ಬೆಳಗಿ, ಬಿಸಿಲು ಕಟ್ಟೆಯಿಂದ ಸರಿಯುವಾಗ ಮೊರ ಹಿಡಿದು ಕೂರಬೇಕು. ಕೇರಿದರೆ ಹೊಟ್ಟು ಮುಂದಕ್ಕೆ ಹಾರಿ, ಕಾಳು ಹಿಂದೆ ಉಳಿಯುತ್ತದೆ. ಆಮೇಲೆ ಬೆರಳ ತುದಿಯಿಂದ ಕಲ್ಲು, ನೆಲ್ಲು, ಹುಳು ಹಿಡಿದ ಕಾಳು ಒಂದೊಂದೇ ಆರಿಸಬೇಕು. ಒಲೆಗಿಡುವ ಮುಂಚೆ ನೀರಿನಲ್ಲಿ ಇನ್ನೊಮ್ಮೆ ಜಾಲಿಸಬೇಕು. ಇಷ್ಟಾದರೂ ಹಲ್ಲಿಗೆ ಕಲ್ಲು ಸಿಕ್ಕಿತೆಂದರೆ ಬೈಗುಳ ಸೊಸೆಯ ಪಾಲು. ಆ ಮೊರದ ಮೇಲೆ ಓಣಿಯ ಸುದ್ದಿ, ಹಾಡು, ಮದುವೆಯ ಮಾತು ಎಲ್ಲ ಹರಿಯುತ್ತಿದ್ದವು ನಿಜ. ಬೆನ್ನು ಬಾಗಿ ನೋಯುತ್ತಿದ್ದದ್ದೂ, ಕಣ್ಣು ಮಂಜಾದ ಅಜ್ಜಿ ಮೊರವನ್ನು ಮೊಮ್ಮಗಳ ತೊಡೆಗೆ ದಾಟಿಸುತ್ತಿದ್ದದ್ದೂ ಅಷ್ಟೇ ನಿಜ. ಗಿರಣಿಯ ಕ್ಯಾಮೆರಾ ಆ ಕೆಲಸ ಕೈಗೆತ್ತಿಕೊಂಡದ್ದಕ್ಕೆ ನನಗೆ ಒಂದಿಷ್ಟೂ ವ್ಯಥೆಯಿಲ್ಲ.

ಆದರೆ ಮೊರ ಅಟ್ಟ ಸೇರಿಲ್ಲ. ಪಡಿತರದ ಅಕ್ಕಿ, ಕಣದಿಂದ ನೇರ ಮನೆಗೆ ಬಂದ ಜೋಳ, ತೊಗರಿ, ಒಣಮೆಣಸಿನಕಾಯಿ ಇವೆಲ್ಲ ಇನ್ನೂ ಹೆಂಗಸರ ಕಣ್ಣನ್ನೇ ನಂಬಿವೆ. ಒಂದೇ ಓಣಿಯಲ್ಲಿ ಒಂದು ಮನೆಯ ಅಕ್ಕಿಯನ್ನು ಕ್ಯಾಮೆರಾ ಆರಿಸಿದ್ದರೆ, ಮಗ್ಗುಲ ಮನೆಯದನ್ನು ಕೂಲಿಯಿಂದ ಬಂದ ತಾಯಿ ಸಂಜೆ ಬಲ್ಬಿನ ಕೆಳಗೆ ಆರಿಸುತ್ತಾಳೆ.

ಸಿರುಗುಪ್ಪದ ರಾತ್ರಿಯೂ ಬದಲಾಗಿದೆ. ಗದ್ದೆಯ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಅಪರಾತ್ರಿಯಲ್ಲಿ ಬಂದರೆ ಬ್ಯಾಟರಿ ಹಿಡಿದು, ಬದುವಿನ ಮೇಲೆ ಹಾವಿಗೆ ಅಂಜುತ್ತ ನಡೆಯಬೇಕಿತ್ತು; ಹೋದವನು ಬರುವವರೆಗೆ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಈಗ ಸ್ಟಾರ್ಟರ್ ಡಬ್ಬಿಯೊಳಗೆ ಒಂದು ಸಿಮ್. ಕರೆಂಟು ಬಂತೆಂದು ಅದೇ ಫೋನು ಮಾಡುತ್ತದೆ, ಹಾಸಿಗೆಯಲ್ಲೇ ಒಂದು ಗುಂಡಿ ಒತ್ತಿದರೆ ಮೋಟಾರು ಓಡುತ್ತದೆ. ನೀರು ಖಾಲಿಯಾದರೆ ತಾನೇ ನಿಲ್ಲುತ್ತದೆ. ಇದನ್ನು ಕೃತಕ ಬುದ್ಧಿ ಎಂದು ಯಾರೂ ಕರೆಯುವುದಿಲ್ಲ, ಕರೆಯಬೇಕಾಗಿಯೂ ಇಲ್ಲ. ಎಷ್ಟೋ ಮನೆಗಳಿಗೆ ಅದು ನಿದ್ದೆ ಕೊಟ್ಟಿತು.

ಕುರುಗೋಡಿನಲ್ಲಿ ಯಂತ್ರ ಮುಖ ನೋಡುತ್ತದೆ. ಬಂಡೆಗಳ ಗುಡ್ಡ, ಅದರಡಿಯ ಊರು, ಏಕಶಿಲೆಯ ಭಾರೀ ಬಸವಣ್ಣ ಕೂತ ದೊಡ್ಡಬಸವೇಶ್ವರ ಗುಡಿ. ಗುಡಿಯ ಸುತ್ತಿನ ಬೀದಿಗಳಲ್ಲಿ ಮೆಣಸಿನಕಾಯಿ, ಹತ್ತಿ ಬಿಡಿಸಿ ಬೆರಳ ಗೆರೆಯೇ ಸವೆದ ಕೈಗಳು. ಪಡಿತರ ಅಂಗಡಿಯ ಯಂತ್ರದ ಮೇಲೆ ಆ ಹೆಬ್ಬೆಟ್ಟು ಎಷ್ಟು ಒತ್ತಿದರೂ ಗುರುತು ಹತ್ತದ ಸಂಕಟ ದುಡಿಯುವವರಿಗೆಲ್ಲ ಗೊತ್ತು. ಈಗ ಮುಖದ ಸರದಿ. ಕೇಂದ್ರದ ಪಿಂಚಣಿದಾರ ತಾನು ಬದುಕಿದ್ದೇನೆಂದು ವರ್ಷಕ್ಕೊಮ್ಮೆ ತೋರಿಸಲು 2021ರ ನವೆಂಬರಿನಿಂದ ಫೋನಿನ ಕ್ಯಾಮೆರಾದ ಮುಂದೆ ಕೂತರೆ ಸಾಕು. ಮಂಡಿ ನೋವಿನ ಹಿರಿಯರು ನಡುಮನೆಯ ಕುರ್ಚಿಯಲ್ಲೇ ಕೂತು, ಮೊಮ್ಮಗ ಹಿಡಿದ ಫೋನಿಗೆ ಕಣ್ಣು ಮಿಟುಕಿಸುತ್ತಾರೆ. ಬಸ್ಸಿನಲ್ಲಿ ಬಳ್ಳಾರಿಗೆ ಹೋಗಿ ಸಾಲಿನಲ್ಲಿ ನಿಲ್ಲುವುದು ತಪ್ಪಿತು. ಬಲು ಒಳ್ಳೆಯದಾಯಿತು.

ಅದೇ ಕಣ್ಣು ಮಿಟುಕು ಅಂಗನವಾಡಿಯ ಬಾಗಿಲಲ್ಲಿ ಬೇರೆ ಆಗುತ್ತದೆ. 2025ರ ಜುಲೈ 1ರಿಂದ, ಮನೆಗೊಯ್ಯುವ ಪೌಷ್ಟಿಕ ಆಹಾರಕ್ಕೆ ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ಮುಖ ಗುರುತು ಕಡ್ಡಾಯವಾಯಿತು. ಬಸುರಿ, ಬಾಣಂತಿ ಎದ್ದು ಬಂದು ಕ್ಯಾಮೆರಾ ನೋಡಬೇಕು. ಆಧಾರ್ ಚೀಟಿಯಲ್ಲಿರುವುದು ಹುಡುಗಿಯಾಗಿದ್ದಾಗಿನ ಮುಖ. ಎದುರಿಗಿರುವುದು ಹೆರಿಗೆಯಾಗಿ ಊದಿದ, ನಿದ್ದೆಗೆಟ್ಟ ಮುಖ. ಕಾರ್ಯಕರ್ತೆ ಫೋನನ್ನು ಎತ್ತರಕ್ಕೆ ಹಿಡಿದು ಸಿಗ್ನಲ್ ಹುಡುಕುತ್ತ ಬೀದಿಗೆ ಬರುತ್ತಾಳೆ. ತಾಯಂದಿರ ಹೆಸರು ಹಿಡಿದು ಕರೆಯುವವಳು ಅವಳು, ಯಾರ ಹೊಟ್ಟೆಯಲ್ಲಿ ಎಷ್ಟು ತಿಂಗಳೆಂದು ಬಲ್ಲವಳು. ಎದುರಿಗೇ ನಿಂತ ಬಾಣಂತಿಯನ್ನು ಬಲ್ಲೆನೆಂಬ ಅವಳ ಮಾತಿಗೆ ಬೆಲೆಯಿಲ್ಲದೆ, ಫೋನು ಒಪ್ಪುವವರೆಗೆ ಇಬ್ಬರೂ ಕಾಯಬೇಕಾಗಿರುವುದು ನನ್ನನ್ನು ಕಾಡುತ್ತದೆ.

ಧ್ವನಿಯ ವಿಷಯದಲ್ಲಿ ಈ ಊರುಗಳಿಗೆ ನಿಜವಾದ ಲಾಭವಾಗಿದೆ. ಅಲೆಕ್ಸಾ 2017ರಲ್ಲಿ ನಮ್ಮ ದೇಶಕ್ಕೆ ಬಂದಾಗ ಇಂಗ್ಲಿಷ್ ಬೇಕಿತ್ತು, ಎರಡು ವರ್ಷದ ಮೇಲೆ ಹಿಂದಿ ಕಲಿಯಿತು. 2024ರ ಜೂನಿನಲ್ಲಿ ಗೂಗಲ್‌ನ ಜೆಮಿನಿ ಕನ್ನಡ, ತೆಲುಗು, ಉರ್ದು ಸೇರಿ ಒಂಬತ್ತು ಭಾರತೀಯ ಭಾಷೆಗಳಲ್ಲಿ ಬಂತು. ಈ ಮೂರನ್ನೂ ಒಂದೇ ಅಂಗಳದಲ್ಲಿ ಆಡುವ ಜಿಲ್ಲೆ ನಮ್ಮದು. ಅಕ್ಷರ ಬಾರದ ಅಜ್ಜಿ ಮೈಕಿನ ಗುರುತು ಒತ್ತಿ ಬುರ್ರಕಥೆ ಕೇಳಿದರೆ ದರೋಜಿಯ ಈರಮ್ಮನ ದನಿ ಬರುತ್ತದೆ. 2014ರಲ್ಲಿ ತೀರಿಕೊಂಡ ಈರಮ್ಮ ಓದು ಬರಹ ಕಲಿತವಳಲ್ಲ. ದೀರ್ಘ ಜನಪದ ಕಾವ್ಯಗಳನ್ನು ನೆನಪಿನಲ್ಲೇ ಹೊತ್ತಿದ್ದವಳು. ಕೀಲಿಮಣೆಯ ಕಾಲ ಅಕ್ಷರವಿಲ್ಲದವರನ್ನು ಹೊರಗೇ ನಿಲ್ಲಿಸಿತ್ತು. ಈಗ ಬಾಯಿಮಾತಿಗೆ ಬಾಗಿಲು ತೆರೆದಿದೆ. ಆದರೂ ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಮುಗಿಸುವ ನಮ್ಮ ಮಾತಿಗೆ ಫೋನು ಎಡವುತ್ತದೆ. ಆಗ ಅಜ್ಜಿ ಪೇಟೆಯವರ ಹಾಗೆ ತಿದ್ದಿ ಮಾತಾಡಲು ಹೆಣಗುತ್ತಾಳೆ. ತಿದ್ದಿಕೊಳ್ಳಬೇಕಾದದ್ದು ಫೋನು.

ಬಳ್ಳಾರಿಯ ಗಾಂಧಿನಗರದ ಕೆಲವು ಮನೆಗಳಲ್ಲಿ ತಟ್ಟೆಯಾಕಾರದ ರೋಬೋ ಕಸ ಗುಡಿಸುತ್ತದೆ. ತಲೆಯ ಮೇಲಿನ ಲೇಸರ್ ತಿರುಗಿಸಿ ಗೋಡೆ, ಕಂಬ, ಮಂಚದ ಕಾಲು ಅಳೆದು ಮನೆಯ ನಕ್ಷೆಯನ್ನೇ ಬರೆಯುತ್ತದೆ. ಹೊಸ ಮನೆಯ ಟೈಲ್ಸ್ ನೆಲದಲ್ಲಿ ಚೆನ್ನಾಗಿ ಓಡುತ್ತದೆ. ಕಡಪಾ ಕಲ್ಲಿನ ಹಳೆಯ ಮನೆಯಲ್ಲಿ ಅರಿಸಿನ ಕುಂಕುಮದ ಎತ್ತರದ ಹೊಸ್ತಿಲಿಗೆ ಬಂದು ಮೂತಿ ತಾಗಿಸಿ ಹಿಂದೆ ಸರಿಯುತ್ತದೆ. ಅಂಗಡಿಗಳಲ್ಲಿ ಬಟ್ಟೆ ಒಗೆಯುವ ಯಂತ್ರಕ್ಕೂ ‘ಎಐ’ ಚೀಟಿ. ಬಟ್ಟೆಯ ಭಾರ ತಾನೇ ಅಳೆದು ನೀರು ಹಾಕಿಕೊಳ್ಳುತ್ತದಂತೆ. ಬೇಸಿಗೆಯಲ್ಲಿ ನಲ್ಲಿ ನೀರಿಗೆ ದಿನಗಟ್ಟಲೆ ಕಾದು, ಬಂದಾಗ ಡ್ರಮ್ಮು, ಬಿಂದಿಗೆ ತುಂಬಿಕೊಳ್ಳುವ ಓಣಿಗೆ ಆ ಬುದ್ಧಿ ಯಾವ ಕೆಲಸಕ್ಕೆ?

ಈ ಯಂತ್ರಗಳಿಂದ ಉಳಿದ ಹೊತ್ತು ಎಲ್ಲಿ ಹೋಯಿತು? ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯಲ್ಲಿ ಕೂಲಿಯಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಕೊಟ್ಟದ್ದು 2019ರಲ್ಲಿ 299 ನಿಮಿಷ, 2024ರಲ್ಲಿ 289. ಗಂಡಸರದ್ದು 97 ಇದ್ದದ್ದು 88ಕ್ಕೆ ಇಳಿದಿದೆ. ಐದು ವರ್ಷದ ಇಷ್ಟೆಲ್ಲ ಯಂತ್ರಗಳ ಸಂತೆಯಲ್ಲಿ ಹೆಂಗಸಿಗೆ ಮಿಕ್ಕದ್ದು ಹತ್ತು ನಿಮಿಷ.

ಬಳ್ಳಾರಿಯ ಕೌಲ್‌ಬಜಾರಿನ ಕಡೆ ಮಧ್ಯಾಹ್ನ ಹೋದರೆ ಆ ನಿಮಿಷಗಳೂ ನೀಲಿಯಾಗಿ ಕಾಣುತ್ತವೆ. ಬಳ್ಳಾರಿ ಜೀನ್ಸಿನ ಗಂಟುಗಳು ಆಟೋದಲ್ಲಿ, ಬೈಕಿನ ಹಿಂದೆ ಬಂದು ಮನೆಗಳ ಮುಂದೆ ಇಳಿಯುತ್ತವೆ. ಹಿಂದೆ ಮೊರ ಹಿಡಿಯುತ್ತಿದ್ದ ಹೊತ್ತಿಗೆ ಈಗ ಕೈಯಲ್ಲಿ ಸಣ್ಣ ಕತ್ತರಿ. ಹೊಲಿಗೆಯ ಕೊನೆಯಲ್ಲಿ ಉಳಿದ ದಾರದ ಎಳೆ ಕತ್ತರಿಸಬೇಕು, ಪ್ಯಾಂಟು ಮಗುಚಬೇಕು, ಮಡಿಸಿ ಅಟ್ಟಿ ಕಟ್ಟಬೇಕು. ಬೆರಳಿಗೆ ಇಂಡಿಗೋ ಹತ್ತಿ ರೊಟ್ಟಿ ಬಡಿಯುವಾಗಲೂ ಉಗುರಿನ ಸಂದಿ ನೀಲಿ. ಈ ಕೆಲಸ ರೋಬೋಗೆ ಇನ್ನೂ ಕಷ್ಟ. ಗಟ್ಟಿ ವಸ್ತು ಎತ್ತಿಟ್ಟಂತಲ್ಲ. ಬಟ್ಟೆ ಮುಟ್ಟಿದಲ್ಲೆಲ್ಲ ಆಕಾರ ಬದಲಿಸುತ್ತದೆ. 2010ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ರೋಬೋ ಟವೆಲ್ ಮಡಿಸಿದ್ದು ದೊಡ್ಡ ಸುದ್ದಿಯಾಗಿತ್ತು. ಒಂದೊಂದು ಟವೆಲಿಗೆ ಅದು ತೆಗೆದುಕೊಂಡದ್ದು ಇಪ್ಪತ್ತು ನಿಮಿಷಕ್ಕೂ ಮಿಕ್ಕಿ. ಆಮೇಲೆ ವೇಗ ಬಹಳ ಹೆಚ್ಚಿದೆ. ಆದರೂ ಕೌಲ್‌ಬಜಾರಿನ ತಾಯಿ ಮಗುವಿಗೆ ಮೊಲೆಯೂಡುತ್ತಲೇ ಒಂದು ಕೈಯಲ್ಲಿ ಪ್ಯಾಂಟು ಮಗುಚುವ ಕುಶಲತೆ ಯಾವ ಯಂತ್ರಕ್ಕೂ ಬಂದಿಲ್ಲ. ಇಷ್ಟು ದುರ್ಲಭವಾದ ಕೆಲಸಕ್ಕೆ ಪೀಸಿನ ಲೆಕ್ಕದಲ್ಲಿ ಇಷ್ಟು ಕಡಿಮೆ ಕೂಲಿ ಏಕೆ ಎಂದು ಕೇಳುವವರಿಲ್ಲ.

ಲೆಕ್ಕವೂ ಗಂಟು ತಂದವನ ಚೀಟಿಯಲ್ಲಿ. ಎಷ್ಟು ಪೀಸು ಬಂತು, ಎಷ್ಟು ಹೋಯಿತು, ಯಾವುದಕ್ಕೆ ಕಾಸು ಹಿಡಿದರು ಎಂದು ಅವಳ ಮಾತಿನಲ್ಲೇ ಕೇಳಿ ಬರೆದಿಟ್ಟುಕೊಂಡು, ಶನಿವಾರ ಅವನೆದುರಿಗೆ ಗಟ್ಟಿಯಾಗಿ ಓದಿ ಹೇಳುವ ಫೋನು ಇವತ್ತಿನ ತಂತ್ರಜ್ಞಾನಕ್ಕೆ ದೊಡ್ಡ ಮಾತಲ್ಲ. ಬಳ್ಳಾರಿಯ ಮನೆಗೆ ಮೊದಲು ಬರಬೇಕಾದ ಯಂತ್ರ ಅದು. ಕಸ ಗುಡಿಸುವ ತಟ್ಟೆ ಆಮೇಲೆ ಬರಲಿ.