ಉಚಿತ ಎಂದರೂ ಬುಕ್ಕಿಂಗ್ ಬೇಕು

ಸೊರೆಂಟೊ ಎಂದರೆ ಇಟಲಿಯ ಊರು ಎಂದುಕೊಳ್ಳುತ್ತೀರಿ. ನಮ್ಮ ಅಕ್ಕ ಭಾವ ಇರುವುದು ಅಮೆರಿಕದ ಸ್ಯಾನ್ ಡಿಯಾಗೊದ ಸೊರೆಂಟೊ ವ್ಯಾಲಿಯಲ್ಲಿ. ಕಳೆದ ಜುಲೈ ರಜೆಗೆ ಊರಿನ ಬದಲು, ಮಕ್ಕಳನ್ನು ಕಟ್ಟಿಕೊಂಡು ಅಲ್ಲಿಗೆ ಹೋದೆವು.

ಲಾಸ್ ಏಂಜಲೀಸ್‌ನ ಗೆಟ್ಟಿ ಸೆಂಟರ್ ಪ್ರವೇಶ ಉಚಿತ ಎಂದು ಕೇಳಿ ಬೆಳಿಗ್ಗೆಯೇ ಕಾರು ಹತ್ತಿದೆವು. ಉಚಿತ ಹೌದು, ಆದರೆ ಒಳಹೋಗುವ ಸಮಯವನ್ನು ಮೊದಲೇ ಕಾದಿರಿಸಬೇಕು. ಅರ್ಧ ದಾರಿಯಲ್ಲಿ ಫೋನು ತೆರೆದರೆ ಆ ದಿನಕ್ಕೆ ಜಾಗವೇ ಇಲ್ಲ! ದುಬೈಯಿಂದ ಅಬುಧಾಬಿಗಿಂತಲೂ ದೂರದ ದಾರಿ. ಎಣಿಸಿಟ್ಟ ರಜೆಯಲ್ಲಿ ಒಂದು ದಿನ ಹೋಯಿತು. ಮುಂದಿನ ವಾರ ಕಾದಿರಿಸಿಯೇ ಹೋದೆವು. ಪಾರ್ಕಿಂಗಿಗೆ ಮಾತ್ರ ದುಡ್ಡು ಕೊಟ್ಟೆವು. ಸೋಮವಾರ ಅಲ್ಲಿ ರಜೆ, ನೆನಪಿಡಿ.

ಸ್ಯಾನ್ ಡಿಯಾಗೊ ಮೃಗಾಲಯದ ಟಿಕೆಟನ್ನು ದಿರ್ಹಮಿಗೆ ಲೆಕ್ಕ ಹಾಕಬೇಡಿ, ನಿದ್ದೆ ಬಾರದು. ಅಕ್ಟೋಬರ್‌ನಲ್ಲಿ 11 ವರ್ಷದವರೆಗಿನ ಮಕ್ಕಳಿಗೆ ಅಲ್ಲಿ ಪ್ರವೇಶ ಉಚಿತವಂತೆ. ನಮಗೆ ಗೊತ್ತಾದದ್ದು ಟಿಕೆಟ್ ಕೊಂಡ ಮೇಲೆ.

ಮಿಡ್‌ವೇ ಯುದ್ಧನೌಕೆ ನೋಡಲು ಕಾರು ಬೇಡ. ಸೊರೆಂಟೊ ವ್ಯಾಲಿ ಸ್ಟೇಶನ್ನಿನಲ್ಲಿ ಕೋಸ್ಟರ್ ರೈಲು ಹತ್ತಿ ಸಾಂಟಾ ಫೆ ಡಿಪೋದಲ್ಲಿ ಇಳಿದರೆ ನಡೆದೇ ಹೋಗಬಹುದು. ಬಲ್ಬೋವಾ ಪಾರ್ಕಿನಲ್ಲಿ ಭಾನುವಾರ ಮಧ್ಯಾಹ್ನದ ಆರ್ಗನ್ ಕಛೇರಿಗಂತೂ ಟಿಕೆಟೇ ಇಲ್ಲ.

ಕೊನೆಯ ದಿನ ಟೋರಿ ಪೈನ್ಸ್ ಕಡಲತೀರಕ್ಕೆ ಹೋದೆವು. ಅಲ್ಲಿ ಶುಲ್ಕ ಕಾರಿಗೆ, ನಡೆದು ಬಂದವರಿಗೆ ಇಲ್ಲ. ಮಕ್ಕಳು ಕತ್ತಲಾದರೂ ನೀರಿನಿಂದ ಏಳಲಿಲ್ಲ.

"ಸಮುದ್ರ ನೋಡಲಿಕ್ಕೆ ಅಷ್ಟು ದೂರ ಹೋಗಬೇಕಿತ್ತಾ ಮಾರಾಯ?" ಎಂದು ಮಲ್ಪೆಯಿಂದ ಅಮ್ಮ ಫೋನಿನಲ್ಲಿ ಕೇಳಿದರು.